ಉಬ್ಬಸ ರೋಗ: ಸ್ತ್ರೀಪುರುಷ ಭೇದ ಮತ್ತು ಹಾರ್ಮೋನುಗಳ ಪಾತ್ರ

ಉಬ್ಬಸ, ಗೂರಲು, ದಮ್ಮು, ಅಸ್ತಮಾ ಎಂದು ನಾನಾ ಹೆಸರುಗಳಿಂದ ನಮ್ಮ ಜನ ಕರೆಯುವ ರೋಗವು ಶ್ವಾಸಕೋಶಗಳಿಗೆ ಗಾಳಿಯನ್ನು ಒಯ್ಯುವ ನಾಳಗಳಿಗೆ ಸಂಬಂಧಿಸಿದ್ದು. ಈ ರೋಗವುಳ್ಳವರ ಶ್ವಾಸನಾಳಗಳ ಒಳಪದರದಲ್ಲಿ ಸದಾ ಅಷ್ಟಿಷ್ಟು ಉರಿಯೂತವಿರುತ್ತದೆ. ಇತರರಿಗೆ ಯಾವ ತೊಂದರೆಯನ್ನೂ ಮಾಡದ ಧೂಳು, ಹೊಗೆ, ತಂಗಾಳಿ, ಹೂವಿನ ಪರಾಗ, ಸಾಧಾರಣ ನೆಗಡಿ ಇವುಗಳಿಗೂ ಆ ನಾಳಗಳು ಕೆರಳುತ್ತವೆ. ಕೆರಳಿದಾಗ ಅವುಗಳನ್ನು ಸುತ್ತುವರಿದ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಒಳಪದರ ಊದಿಕೊಳ್ಳುತ್ತದೆ, ಅಂಟಾದ ಕಫ ತುಂಬಿಕೊಳ್ಳುತ್ತದೆ. ಇದರ ಫಲವೇ ಏದುಸಿರು, ಎದೆಬಿಗಿತ, ಕೆಮ್ಮು ಮತ್ತು ಸುಯ್ ಎಂಬ ಶಬ್ದ. ರಾತ್ರಿಯ ಕೊನೆಯ ಜಾವದಲ್ಲಿ ಇವು ಹೆಚ್ಚಾಗುವುದು ಈ ರೋಗದ ಒಂದು ಲಕ್ಷಣ.

2019ರ ಜಾಗತಿಕ ರೋಗಭಾರ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು 3 ಕೋಟಿ 40 ಲಕ್ಷ ಜನರಿಗೆ ಉಬ್ಬಸವಿದೆ. ಇದು ಪ್ರಪಂಚದ ಒಟ್ಟು ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಭಾಗ. ಆದರೆ ಈ ರೋಗದಿಂದ ಪ್ರಪಂಚದಲ್ಲಿ ಸಂಭವಿಸುವ ಮರಣಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಭಾರತದಲ್ಲೇ ಆಗುತ್ತವೆ ಎಂದು ಅದೇ ಅಧ್ಯಯನ ಅಂದಾಜು ಮಾಡಿದೆ. ಔಷಧದಿಂದ ಹತೋಟಿಯಲ್ಲಿಡಬಹುದಾದ ರೋಗವೊಂದರಿಂದ ಇಷ್ಟು ಜನ ಸಾಯುತ್ತಿರುವುದಕ್ಕೆ ಕಾರಣ ಔಷಧದ ಅಭಾವವೊಂದೇ ಅಲ್ಲ. ರೋಗವನ್ನು ಗುರುತಿಸುವುದರಲ್ಲಿ ತಡ, ಔಷಧವನ್ನು ನಡುವೆ ನಿಲ್ಲಿಸುವುದು, ಇನ್‌ಹೇಲರ್ ಕುರಿತ ಸಂಕೋಚ ಇವೂ ಕಾರಣಗಳು. ಈ ಮೂರೂ ಹೆಂಗಸರ ವಿಷಯದಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಹೆಂಗಸರ ಉಬ್ಬಸಕ್ಕೆ ಅವರ ಶರೀರದ ಕಾಲಚಕ್ರದೊಡನೆ ಸಂಬಂಧವಿದೆ ಎಂಬುದು ಬಹಳ ಮನೆಗಳಲ್ಲಿ ತಿಳಿಯದ ಸಂಗತಿ. ಪ್ರಸ್ತುತ ಲೇಖನದ ವಿಷಯ ಅದೇ.

ಬಾಲ್ಯದಲ್ಲಿ ಹುಡುಗರು, ಹರೆಯದ ನಂತರ ಹೆಂಗಸರು

ಚಿಕ್ಕ ಮಕ್ಕಳಲ್ಲಿ ಉಬ್ಬಸವು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಹರೆಯ ಬಂದ ಮೇಲೆ ಈ ಲೆಕ್ಕ ತಿರುವುಮುರುವಾಗುತ್ತದೆ. ಇದನ್ನು ಸ್ಪಷ್ಟವಾಗಿ ತೋರಿಸಿದ ಅಧ್ಯಯನವೊಂದು 1992ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಪೆನ್ಸಿಲ್ವೇನಿಯಾ ರಾಜ್ಯದ ಆಗ್ನೇಯ ಭಾಗದ ಆಸ್ಪತ್ರೆಗಳಲ್ಲಿ ನಾಲ್ಕು ವರ್ಷಗಳ ಅವಧಿಯಲ್ಲಿ ಉಬ್ಬಸಕ್ಕಾಗಿ ದಾಖಲಾದ 33 ಸಾವಿರಕ್ಕೂ ಮಿಕ್ಕಿದ ಪ್ರಕರಣಗಳನ್ನು ವಯಸ್ಸಿಗನುಸಾರ ವಿಂಗಡಿಸಲಾಯಿತು. ಹತ್ತು ವರ್ಷದವರೆಗಿನ ಮಕ್ಕಳಲ್ಲಿ ಹುಡುಗರ ಸಂಖ್ಯೆ ಹುಡುಗಿಯರ ಸುಮಾರು ಎರಡರಷ್ಟಿತ್ತು. 11ರಿಂದ 20ರ ವಯಸ್ಸಿನಲ್ಲಿ ಎರಡೂ ಹೆಚ್ಚುಕಡಮೆ ಸಮವಾದವು. 20ರಿಂದ 50ರ ನಡುವೆ ದಾಖಲಾದ ಹೆಂಗಸರು ಗಂಡಸರ ಸುಮಾರು ಮೂರರಷ್ಟಿದ್ದರು.

ಆಸ್ಪತ್ರೆಗೆ ದಾಖಲಾಗುವುದು ಬೇರೆ, ರೋಗವಿರುವುದು ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ನ್ಯಾಯವಾದ ಆಕ್ಷೇಪಣೆಯೇ. ಆದರೆ ಜನಸಮುದಾಯದ ನಡುವೆ ನಡೆದ ಸಮೀಕ್ಷೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಇತ್ತೀಚಿನ ವರ್ಷಗಳ ಅಂಕಿ ಅಂಶಗಳಲ್ಲಿ ವಯಸ್ಕ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಗಂಡಸರಲ್ಲಿ ಸುಮಾರು 6 ಮಂದಿಗೆ ಉಬ್ಬಸವಿದೆ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ 1989ರಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದಾಗ, 10ನೆಯ ವಯಸ್ಸಿನಲ್ಲಿ ಹುಡುಗರಲ್ಲಿ ಹೆಚ್ಚಾಗಿದ್ದ ರೋಗವು 18ನೆಯ ವಯಸ್ಸಿಗೆ ಹುಡುಗಿಯರಲ್ಲಿ ಹೆಚ್ಚಾಗಿ ಕಂಡುಬಂದಿತು. ಹರೆಯದಲ್ಲಿ ಎರಡು ಕ್ರಿಯೆಗಳು ಏಕಕಾಲದಲ್ಲಿ ನಡೆಯುತ್ತವೆ: ಅನೇಕ ಹುಡುಗರು ರೋಗದಿಂದ ಹೊರಬರುತ್ತಾರೆ, ಅನೇಕ ಹುಡುಗಿಯರು ಹೊಸದಾಗಿ ಅದಕ್ಕೆ ಒಳಗಾಗುತ್ತಾರೆ.

ಭಾರತದಲ್ಲಿ ವಯಸ್ಕರನ್ನು ಕುರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ನಡೆಸಿದ ಬೃಹತ್ ಸಮೀಕ್ಷೆಯ ಮೊದಲ ಹಂತ ಬೆಂಗಳೂರು, ಚಂಡೀಗಢ, ದೆಹಲಿ ಮತ್ತು ಕಾನ್ಪುರಗಳನ್ನು ಕೇಂದ್ರವಾಗಿಟ್ಟುಕೊಂಡು ನಡೆಯಿತು. ನಗರ ಮತ್ತು ಗ್ರಾಮ ಪ್ರದೇಶಗಳ ಮನೆಗಳಿಗೆ ಹೋಗಿ 73 ಸಾವಿರಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಲಾಯಿತು. 2006ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ ಉಬ್ಬಸದ ಪ್ರಮಾಣ ನೂರಕ್ಕೆ 2.38 ಎಂದಿದೆ. ವಯಸ್ಸು, ಮನೆತನದಲ್ಲಿ ರೋಗವಿರುವುದು, ಧೂಮಪಾನ, ಬಡತನ ಮುಂತಾದವುಗಳ ಜೊತೆಗೆ ಹೆಣ್ಣಾಗಿರುವುದೂ ರೋಗದ ಸಂಭವವನ್ನು ಹೆಚ್ಚಿಸುವ ಅಂಶವೆಂದು ಅದರಲ್ಲಿ ಕಂಡುಬಂದಿದೆ.

ನಾಳದ ಅಳತೆ

ಬಾಲ್ಯದಲ್ಲಿ ಹುಡುಗರಿಗೇ ಏಕೆ ಹೆಚ್ಚು? ಇದರ ಉತ್ತರದ ಒಂದು ಭಾಗ ಬರಿಯ ಅಳತೆಯ ವಿಷಯ. ಶ್ವಾಸಕೋಶವೂ ಅದರೊಳಗಿನ ನಾಳಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಚಿಕ್ಕ ಹುಡುಗನ ಶ್ವಾಸಕೋಶ ದೊಡ್ಡದಾದರೂ ಅದಕ್ಕೆ ಹೋಲಿಸಿದರೆ ನಾಳಗಳು ಕಿರಿದು. ಅದೇ ವಯಸ್ಸಿನ ಹುಡುಗಿಯಲ್ಲಿ ಇವೆರಡರ ಹೊಂದಾಣಿಕೆ ಉತ್ತಮವಾಗಿರುತ್ತದೆ. ಕಿರಿದಾದ ನಾಳ ಒಂದಿಷ್ಟು ಊದಿಕೊಂಡರೂ ಗಾಳಿಯ ದಾರಿ ಬೇಗ ಮುಚ್ಚಿಹೋಗುತ್ತದೆ. ಹರೆಯದಲ್ಲಿ ಹುಡುಗನ ನಾಳಗಳು ಭರದಿಂದ ಹಿಗ್ಗುತ್ತವೆ. ವಯಸ್ಕಳಾದ ಹೆಣ್ಣಿನ ಶ್ವಾಸನಾಳಗಳು ಅಷ್ಟೇ ಗಾತ್ರದ ಶ್ವಾಸಕೋಶವುಳ್ಳ ಗಂಡಸಿನ ನಾಳಗಳಿಗಿಂತ ಸಣ್ಣವಾಗಿಯೇ ಉಳಿಯುತ್ತವೆ. ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯಗಳು ಬಾಲ್ಯದಲ್ಲಿ ಹುಡುಗರಲ್ಲಿ ಹೆಚ್ಚಾಗಿರುವುದೂ ಒಂದು ಕಾರಣ.

ಅಳತೆಯಿಂದಲೇ ಎಲ್ಲವನ್ನೂ ವಿವರಿಸಲಾಗದು. ಒಬ್ಬಳೇ ಹೆಂಗಸಿನಲ್ಲಿ ರೋಗವು ತಿಂಗಳ ಒಂದು ವಾರ ಕೆರಳಿ ಮೂರು ವಾರ ತಣ್ಣಗಿರುವುದುಂಟು. ಅಷ್ಟರೊಳಗೆ ನಾಳದ ಅಳತೆ ಬದಲಾಗಿರುವುದಿಲ್ಲ. ಬದಲಾಗಿರುವುದು ರಕ್ತದಲ್ಲಿನ ಹಾರ್ಮೋನುಗಳ ಮಟ್ಟ.

ಹಾರ್ಮೋನುಗಳ ಕೆಲಸ

ಶರೀರದ ನಿರ್ನಾಳ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಬಿಡುವ ರಾಸಾಯನಿಕ ದೂತರೇ ಹಾರ್ಮೋನುಗಳು. ಸ್ತ್ರೀಯರ ಅಂಡಾಶಯಗಳಿಂದ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್, ಪುರುಷರ ವೃಷಣಗಳಿಂದ ಟೆಸ್ಟೊಸ್ಟಿರಾನ್ ಮುಖ್ಯವಾಗಿ ಉತ್ಪತ್ತಿಯಾಗುತ್ತವೆ. ಇವುಗಳ ಕೆಲಸ ಸಂತಾನೋತ್ಪತ್ತಿಗೆ ಮಾತ್ರ ಸೀಮಿತವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಶ್ವಾಸನಾಳದ ಸ್ನಾಯುಗಳಲ್ಲಿ, ಒಳಪದರದಲ್ಲಿ, ರೋಗನಿರೋಧಕ ಕಣಗಳಲ್ಲಿ ಈ ಹಾರ್ಮೋನುಗಳನ್ನು ಗ್ರಹಿಸುವ ಗ್ರಾಹಕಗಳಿವೆ. ಆದ್ದರಿಂದ ಅವುಗಳ ಏರಿಳಿತ ಉಸಿರಾಟಕ್ಕೂ ತಟ್ಟುತ್ತದೆ.

ಇವುಗಳಲ್ಲಿ ಟೆಸ್ಟೊಸ್ಟಿರಾನಿನ ಪಾತ್ರ ಹೆಚ್ಚು ಸ್ಪಷ್ಟವಾಗಿದೆ. ಅಲರ್ಜಿಯ ಉರಿಯೂತವನ್ನು ಹೊತ್ತಿಸುವ ಒಂದು ಬಗೆಯ ಬಿಳಿಯ ರಕ್ತಕಣಗಳು ಶ್ವಾಸಕೋಶದಲ್ಲಿ ನೆಲೆಸಿರುತ್ತವೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಟೆಸ್ಟೊಸ್ಟಿರಾನ್ ಈ ಕಣಗಳಿಗೆ ಕಡಿವಾಣ ಹಾಕುತ್ತದೆ. ಉಬ್ಬಸವುಳ್ಳ ಹೆಂಗಸರ ರಕ್ತದಲ್ಲಿ ಇಂತಹ ಕಣಗಳು ಉಬ್ಬಸವುಳ್ಳ ಗಂಡಸರಿಗಿಂತ ಹೆಚ್ಚಾಗಿರುವುದನ್ನು ಅವರು ಕಂಡರು. ಇಲಿಗಳಲ್ಲಿ ನಡೆಸಿದ ಪ್ರಯೋಗಗಳೂ ಇದನ್ನು ಬೆಂಬಲಿಸಿದವು. ಹರೆಯಕ್ಕೆ ಬಂದ ಹುಡುಗನಿಗೆ ಉಬ್ಬಸ ‘ತಾನಾಗಿಯೇ ಬಿಟ್ಟುಹೋಯಿತು’ ಎಂದು ಹಿರಿಯರು ಹೇಳುವುದರ ಹಿಂದೆ ಈ ಕಡಿವಾಣದ ಪಾಲೂ ಇರಬೇಕು. ಹಾಗೆ ಬಿಟ್ಟುಹೋದ ರೋಗ ನಡುವಯಸ್ಸಿನಲ್ಲಿ ಮರಳಿ ಬರುವುದೂ ಉಂಟು. ಅದರಲ್ಲೂ ಬೀಡಿ ಸಿಗರೇಟು ಸೇದುವವರು ನಿಶ್ಚಿಂತರಾಗಿರುವಂತಿಲ್ಲ.

ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನುಗಳ ಕಥೆ ಅಷ್ಟು ಸರಳವಲ್ಲ. ಇವು ಉರಿಯೂತದ ಕೆಲವು ಕೊಂಡಿಗಳನ್ನು ಬಲಪಡಿಸುತ್ತವೆ. ಇನ್ನೊಂದೆಡೆ, ನಾಳದ ಸ್ನಾಯುಗಳನ್ನು ಸಡಿಲಿಸುವ ಗುಣವೂ ಇವುಗಳಿಗಿದೆ. ಇವುಗಳ ಪ್ರಮಾಣ ಎಷ್ಟು, ಏರುತ್ತಿದೆಯೋ ಇಳಿಯುತ್ತಿದೆಯೋ, ಆ ಹೆಂಗಸಿನ ವಯಸ್ಸು ಮತ್ತು ಮೈತೂಕವೇನು ಎಂಬುದರ ಮೇಲೆ ಒಟ್ಟು ಪರಿಣಾಮ ನಿಂತಿದೆ. ಹನ್ನೆರಡು ವರ್ಷ ತುಂಬುವ ಮೊದಲೇ ಮೈನೆರೆದ ಹುಡುಗಿಯರಲ್ಲಿ ಮುಂದೆ ಉಬ್ಬಸ ಕಾಣಿಸಿಕೊಳ್ಳುವ ಸಂಭವ ಹೆಚ್ಚೆಂದು ಕೆಲವು ಅಧ್ಯಯನಗಳು ತೋರಿಸಿವೆ. ಬೊಜ್ಜಿಗೂ ಉಬ್ಬಸಕ್ಕೂ ಇರುವ ನಂಟು ಹೆಂಗಸರಲ್ಲಿ ಬಲವಾಗಿದೆ. ‘ಈಸ್ಟ್ರೊಜೆನ್ ಕೆಟ್ಟದ್ದು, ಟೆಸ್ಟೊಸ್ಟಿರಾನ್ ಒಳ್ಳೆಯದು’ ಎಂದು ತೀರ್ಪು ಕೊಟ್ಟುಬಿಡುವುದು ಸಲ್ಲದು. ಉಬ್ಬಸದ ನಿವಾರಣೆಗೆಂದು ಸ್ವಂತ ಬುದ್ಧಿಯಿಂದ ಹಾರ್ಮೋನು ಗುಳಿಗೆ ನುಂಗುವುದಂತೂ ಅಪಾಯಕಾರಿ.

ಮುಟ್ಟಿನ ದಿನಗಳು

ಋತುಚಕ್ರದ ಕೊನೆಯ ದಿನಗಳಲ್ಲಿ, ಅಂದರೆ ಮುಟ್ಟಾಗುವ ಮೊದಲ ಕೆಲವು ದಿನಗಳಲ್ಲಿ, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಎರಡರ ಮಟ್ಟವೂ ಥಟ್ಟನೆ ಕುಸಿಯುತ್ತದೆ. ಇದೇ ದಿನಗಳಲ್ಲಿ ಉಬ್ಬಸ ಕೆರಳುವುದನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ. ಮುಟ್ಟಿನ ಮುಂಚಿನ ತೊಂದರೆಗಳನ್ನು ಕುರಿತು ನ್ಯೂಯಾರ್ಕಿನ ವೈದ್ಯ ರಾಬರ್ಟ್ ಫ್ರ್ಯಾಂಕ್ 1931ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿಯೇ ಇಂತಹ ಉಬ್ಬಸದ ಉಲ್ಲೇಖವಿದೆ. ಉಬ್ಬಸವುಳ್ಳ ಹೆಂಗಸರಲ್ಲಿ ನೂರಕ್ಕೆ 20ರಿಂದ 40 ಮಂದಿ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ತಮ್ಮ ತೊಂದರೆ ಹೆಚ್ಚಾಗುತ್ತದೆಂದು ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ರೋಗವು ತೀವ್ರವಾಗಿರುವವರ ಪಾಲು ಹೆಚ್ಚು. ಆದುದರಿಂದ ಇದನ್ನು ಕೇವಲ ‘ಮನಸ್ಸಿನ ಕಲ್ಪನೆ’ ಎಂದು ತಳ್ಳಿಹಾಕುವುದು ತಪ್ಪು.

ಇಲ್ಲಿ ಬಹಳ ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಮುಟ್ಟಿನ ಹೊಟ್ಟೆನೋವಿಗೆ ಹೆಂಗಸರು ಔಷಧದ ಅಂಗಡಿಯಿಂದ ತಾವಾಗಿಯೇ ತಂದುಕೊಳ್ಳುವ ಗುಳಿಗೆಗಳಲ್ಲಿ ಮೆಫೆನಾಮಿಕ್ ಆಮ್ಲ, ಐಬುಪ್ರೊಫೇನ್, ಡೈಕ್ಲೊಫೆನಾಕ್ ಮುಂತಾದವು ಇರುತ್ತವೆ. ಇವೆಲ್ಲ ಆಸ್ಪಿರಿನ್ನಿನ ಬಳಗದವು. ಉಬ್ಬಸವುಳ್ಳ ವಯಸ್ಕರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಈ ಬಳಗದ ಔಷಧಗಳು ಆಗಿಬರುವುದಿಲ್ಲ. ನುಂಗಿದ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಗಳೊಳಗೆ ಮೂಗು ಕಟ್ಟಿ, ಕಣ್ಣು ಕೆಂಪಾಗಿ, ಉಬ್ಬಸ ಏಳುತ್ತದೆ. ಕೆಲವೊಮ್ಮೆ ಇದು ಪ್ರಾಣಕ್ಕೇ ಬರುವಷ್ಟು ತೀವ್ರವಾಗಿರುತ್ತದೆ. ಈ ದೋಷವು ಹೆಂಗಸರಲ್ಲಿ ಹೆಚ್ಚು. ಮೂಗಿನೊಳಗೆ ದುರ್ಮಾಂಸ ಬೆಳೆದಿರುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ಪ್ರತಿ ತಿಂಗಳೂ ಮುಟ್ಟಿನ ದಿನವೇ ಉಸಿರು ಕಟ್ಟುವ ಹೆಂಗಸು ಅದನ್ನು ಮುಟ್ಟಿನ ಮೇಲೆ ಹಾಕುವ ಮೊದಲು, ಅಂದು ಯಾವ ಗುಳಿಗೆ ನುಂಗಿದೆ ಎಂದು ನೆನಪು ಮಾಡಿಕೊಳ್ಳುವುದು ಮೇಲು. ನೋವಿಗೆ ಬಿಸಿನೀರಿನ ಶಾಖ ಕೊಡಬಹುದು. ಇಂತಹವರಿಗೆ ವೈದ್ಯರು ಸಾಮಾನ್ಯವಾಗಿ ಪ್ಯಾರಸಿಟಮಾಲನ್ನು ಸೂಚಿಸುತ್ತಾರೆ.

ಮುಟ್ಟಿನ ಮುಂಚೆ ಉಬ್ಬಸ ಹೆಚ್ಚಾಗುವುದು ಖಚಿತವಾದಾಗ, ವೈದ್ಯರು ಮೊದಲು ಮಾಡುವ ಕೆಲಸ ನಿತ್ಯದ ಔಷಧ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು. ರೋಗ ಒಟ್ಟಿನಲ್ಲಿ ಹತೋಟಿಗೆ ಬಂದರೆ ತಿಂಗಳ ಈ ಏರುಪೇರೂ ಬಹುಮಟ್ಟಿಗೆ ತಗ್ಗುತ್ತದೆ. ಕೆಲವರಿಗೆ ಆ ದಿನಗಳಿಗಷ್ಟೇ ಔಷಧದ ಪ್ರಮಾಣ ಹೆಚ್ಚಿಸುವುದುಂಟು.

ಬಸಿರಿನಲ್ಲಿ ಉಬ್ಬಸ

ಬಸಿರಿನ ಕಾಲದಲ್ಲಿ ಎದುರಾಗುವ ಗಂಭೀರ ಶ್ವಾಸಕೋಶ ರೋಗಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಉಬ್ಬಸ. ಬಸಿರಾದಾಗ ಅದು ಏನಾಗುತ್ತದೆ? ಕ್ಯಾಲಿಫೋರ್ನಿಯಾದ ಮೈಕೇಲ್ ಶಾಟ್ಸ್ ಮತ್ತು ಸಂಗಡಿಗರು 366 ಗರ್ಭಧಾರಣೆಗಳನ್ನು ಅನುಸರಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 35ರಲ್ಲಿ ರೋಗ ಹೆಚ್ಚಾಯಿತು, 28ರಲ್ಲಿ ಕಡಿಮೆಯಾಯಿತು, 33ರಲ್ಲಿ ಹಿಂದಿದ್ದಂತೆಯೇ ಇತ್ತು. ಮೂವರಲ್ಲಿ ಒಬ್ಬಳಿಗೆ ಹೆಚ್ಚು, ಒಬ್ಬಳಿಗೆ ಕಡಿಮೆ, ಒಬ್ಬಳಿಗೆ ಯಥಾಸ್ಥಿತಿ ಎಂಬ ಈ ಲೆಕ್ಕವನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಹೆಚ್ಚಾಗುವವರಲ್ಲಿ ಆರನೆಯ ತಿಂಗಳಿನಿಂದ ಎಂಟನೆಯ ತಿಂಗಳ ಕೊನೆಯವರೆಗಿನ ಅವಧಿ ಕಷ್ಟದ್ದು. ಕೊನೆಯ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಸಮಾಧಾನವಿರುತ್ತದೆ. ಹೆರಿಗೆಯಾದ ಸುಮಾರು ಮೂರು ತಿಂಗಳೊಳಗೆ ರೋಗ ಹಿಂದಿನ ಸ್ಥಿತಿಗೆ ಮರಳುತ್ತದೆ. ಮೊದಲ ಬಸಿರಿನಲ್ಲಿ ಹೇಗಿತ್ತೋ ಮುಂದಿನ ಬಸಿರಿನಲ್ಲೂ ಹೆಚ್ಚಾಗಿ ಹಾಗೆಯೇ ಇರುತ್ತದೆ.

ಬಸಿರಿನಲ್ಲಿ ಪ್ರೊಜೆಸ್ಟರಾನ್ ಬಹಳ ಹೆಚ್ಚಾಗುವುದರಿಂದ ಉಸಿರಾಟದ ಆಳ ಹೆಚ್ಚುತ್ತದೆ. ಹೀಗಾಗಿ ಯಾವ ರೋಗವೂ ಇಲ್ಲದ ಗರ್ಭಿಣಿಗೂ ಮೆಟ್ಟಿಲು ಹತ್ತುವಾಗ ಏದುಸಿರು ಬಂದಂತಾಗುತ್ತದೆ. ಇದು ಸಹಜ. ಆದರೆ ಸುಯ್ ಎಂಬ ಶಬ್ದ, ಬಿಡದ ಕೆಮ್ಮು, ರಾತ್ರಿ ಎಚ್ಚರವಾಗುವುದು ಬಸಿರಿನ ಸಹಜ ಲಕ್ಷಣಗಳಲ್ಲ. ‘ಬಸುರಿಗೆ ಇದೆಲ್ಲ ಇದ್ದದ್ದೇ’ ಎಂದು ಮನೆಯವರು ಸುಮ್ಮನಾದರೆ ರೋಗ ಕೈಮೀರಬಹುದು.

ಅದಕ್ಕಿಂತ ದೊಡ್ಡ ಅಪಾಯ ಔಷಧವನ್ನು ನಿಲ್ಲಿಸುವುದು. ಬಸಿರೆಂದು ತಿಳಿದೊಡನೆ ಕೂಸಿಗೆ ತೊಂದರೆಯಾದೀತೆಂಬ ಭಯದಿಂದ ಇನ್‌ಹೇಲರನ್ನು ಪಕ್ಕಕ್ಕಿಡುವ ಹೆಂಗಸರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಮೆರಿಕದ ಟೆನೆಸೀ ರಾಜ್ಯದ ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರಿನ ಮೊದಲ ಮೂರು ತಿಂಗಳಲ್ಲೇ ಸ್ಟಿರಾಯ್ಡ್ ಇನ್‌ಹೇಲರಿನ ಬಳಕೆ ಸುಮಾರು ಕಾಲುಭಾಗದಷ್ಟು ಇಳಿದಿತ್ತು. ಭಯ ಸಹಜವಾದದ್ದೇ, ಆದರೆ ಲೆಕ್ಕ ತಪ್ಪು. ಗರ್ಭದಲ್ಲಿನ ಶಿಶು ಸ್ವತಃ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕವೆಲ್ಲ ತಾಯಿಯ ರಕ್ತದಿಂದಲೇ ಬರಬೇಕು. ತಾಯಿಗೆ ಉಬ್ಬಸ ಎದ್ದಾಗ ಆ ಪೂರೈಕೆಯೇ ಕಡಿಮೆಯಾಗುತ್ತದೆ. ಹತೋಟಿ ತಪ್ಪಿದ ಉಬ್ಬಸದಿಂದ ಅವಧಿಗೆ ಮುನ್ನ ಹೆರಿಗೆ, ಕೂಸಿನ ತೂಕ ಕಡಿಮೆಯಾಗುವುದು, ತಾಯಿಯ ರಕ್ತದೊತ್ತಡ ಏರಿ ಗರ್ಭನಂಜು ಆಗುವುದು ಇವುಗಳ ಸಂಭವ ಹೆಚ್ಚುತ್ತದೆ.

ಇನ್‌ಹೇಲರಿನ ವಿಷಯದಲ್ಲಿ ಸಂಗ್ರಹವಾಗಿರುವ ಅನುಭವವಾದರೋ ಧೈರ್ಯ ಕೊಡುವಂತಹದು. ಸ್ವೀಡನ್ನಿನಲ್ಲಿ ಬಸಿರಿನ ಆರಂಭದಲ್ಲಿ ಬ್ಯೂಡೆಸೊನೈಡ್ ಎಂಬ ಸ್ಟಿರಾಯ್ಡನ್ನು ಇನ್‌ಹೇಲರಿನಿಂದ ಬಳಸಿದ ತಾಯಂದಿರ 2,014 ಶಿಶುಗಳ ದಾಖಲೆಯನ್ನು ಪರಿಶೀಲಿಸಿ 1999ರಲ್ಲಿ ವರದಿ ಪ್ರಕಟಿಸಲಾಯಿತು. ಹುಟ್ಟಿನಿಂದ ಬರುವ ಅಂಗವೈಕಲ್ಯಗಳು ಅವರಲ್ಲಿ ಸಾಮಾನ್ಯ ಜನರಲ್ಲಿರುವುದಕ್ಕಿಂತ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಬಸಿರಿನಲ್ಲಿ ಉಬ್ಬಸವನ್ನು ಅನುಭವಿಸುವುದಕ್ಕಿಂತ ಔಷಧದಿಂದ ಹತೋಟಿಯಲ್ಲಿಡುವುದೇ ತಾಯಿ ಮಗು ಇಬ್ಬರಿಗೂ ಕ್ಷೇಮವೆಂದು ತಜ್ಞರ ಮಾರ್ಗದರ್ಶಿಗಳೆಲ್ಲ ಒಮ್ಮತದಿಂದ ಹೇಳುತ್ತವೆ. ಮೊಲೆಯೂಡಿಸುವ ತಾಯಂದಿರೂ ಇನ್‌ಹೇಲರನ್ನು ಮುಂದುವರಿಸಬಹುದು.

‘ಸ್ಟಿರಾಯ್ಡ್’ ಎಂಬ ಹೆಸರೇ ಅನೇಕರನ್ನು ಹೆದರಿಸುತ್ತದೆ. ನಮ್ಮ ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ದಿನವೂ ತಯಾರಿಸುವ ಕಾರ್ಟಿಸಾಲ್ ಕೂಡ ಸ್ಟಿರಾಯ್ಡ್ ಹಾರ್ಮೋನೇ. ಅದರ ಮಟ್ಟ ನಡುರಾತ್ರಿಯ ಹೊತ್ತಿಗೆ ತೀರ ಇಳಿಯುವುದು, ಉಬ್ಬಸ ಇರುಳಿನಲ್ಲಿ ಕಾಡುವುದಕ್ಕೆ ಇರುವ ಕಾರಣಗಳಲ್ಲೊಂದು. ಇನ್‌ಹೇಲರಿನ ಪ್ರಮಾಣವನ್ನೂ ನೋಡಬೇಕು. ತೀವ್ರ ಉಬ್ಬಸಕ್ಕೆ ನುಂಗಲು ಕೊಡುವ ಪ್ರೆಡ್ನಿಸೊಲೋನ್ ಗುಳಿಗೆಯ ಪ್ರಮಾಣ ದಿನಕ್ಕೆ 30-40 ಮಿಲಿಗ್ರಾಂ ಇರಬಹುದು. ಇನ್‌ಹೇಲರಿನ ಬ್ಯೂಡೆಸೊನೈಡ್ ಅನೇಕರಿಗೆ ದಿನಕ್ಕೆ 200ರಿಂದ 400 ಮೈಕ್ರೊಗ್ರಾಂ ಸಾಕಾಗುತ್ತದೆ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೊಗ್ರಾಂ. ಇನ್‌ಹೇಲರಿನ ಔಷಧ ನೇರವಾಗಿ ಶ್ವಾಸನಾಳಗಳಿಗೆ ತಲಪುವುದರಿಂದ ಇಷ್ಟು ಅಲ್ಪ ಪ್ರಮಾಣ ಸಾಕಾಗುತ್ತದೆ, ಶರೀರದ ಉಳಿದ ಭಾಗಗಳಿಗೆ ಸೇರುವುದು ಸ್ವಲ್ಪವೇ. ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಸ್ಟಿರಾಯ್ಡ್ ಬೇಡವೆಂದು ನಾಳಗಳನ್ನು ಕೂಡಲೇ ಹಿಗ್ಗಿಸುವ ಸಾಲ್ಬುಟಮಾಲನ್ನು ಮಾತ್ರ ನೆಚ್ಚಿಕೊಳ್ಳುವವರು ಬಹಳ. ಅದು ಬಿಗಿತವನ್ನು ಸಡಿಲಿಸುತ್ತದೆಯೇ ಹೊರತು ಉರಿಯೂತವನ್ನು ತಗ್ಗಿಸುವುದಿಲ್ಲ. ‘ಜೀನಾ’ ಎಂಬ ಹೆಸರಿನಿಂದ ಪರಿಚಿತವಾದ ಅಂತರರಾಷ್ಟ್ರೀಯ ತಜ್ಞರ ಸಂಘಟನೆಯು 2019ರಿಂದ, ವಯಸ್ಕರಿಗೂ ಹರೆಯದವರಿಗೂ ಅಂತಹ ಔಷಧವನ್ನಷ್ಟೇ ಕೊಡುವುದು ಸರಿಯಲ್ಲ, ಜೊತೆಗೆ ಸ್ಟಿರಾಯ್ಡ್ ಇರಲೇಬೇಕು ಎಂದು ಸಲಹೆ ಮಾಡಿದೆ.

ಹೆರಿಗೆಯ ಹೊತ್ತಿನಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದಾಗ ಕೊಡುವ ಚುಚ್ಚುಮದ್ದುಗಳಲ್ಲಿ ಕಾರ್ಬೊಪ್ರಾಸ್ಟ್ ಒಂದು. ಇದು ಗರ್ಭಕೋಶವನ್ನು ಬಿಗಿಗೊಳಿಸುವಂತೆಯೇ ಶ್ವಾಸನಾಳಗಳನ್ನೂ ಬಿಗಿಗೊಳಿಸಬಲ್ಲದು. ಆದ್ದರಿಂದ ಉಬ್ಬಸವುಳ್ಳವರಿಗೆ ಇದನ್ನು ಕೊಡಬಾರದು. ಇದರ ಬದಲು ಕೊಡಬಹುದಾದ ಬೇರೆ ಔಷಧಗಳಿವೆ. ಆದರೆ ಅವಸರದ ಆ ಗಳಿಗೆಯಲ್ಲಿ ರೋಗಿಗೆ ಉಬ್ಬಸವಿದೆಯೆಂಬುದು ವೈದ್ಯರಿಗೆ ತಿಳಿದಿರಬೇಕು. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಮೊದಲೇ ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿಡುವುದು ಒಳ್ಳೆಯದು.

ಮುಟ್ಟು ನಿಂತ ಮೇಲೆ

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೆಲವರಿಗೆ ಉಬ್ಬಸ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಈ ಬಗೆಯ ರೋಗ ಹಲವು ವೇಳೆ ಅಲರ್ಜಿಗೆ ಸಂಬಂಧಿಸಿರುವುದಿಲ್ಲ, ಔಷಧಕ್ಕೆ ಬೇಗ ಬಗ್ಗುವುದೂ ಇಲ್ಲ. ಆಗ ಕೊಡುವ ಹಾರ್ಮೋನು ಚಿಕಿತ್ಸೆಯ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ದಾದಿಯರ ಆರೋಗ್ಯ ಅಧ್ಯಯನವು 1995ರಲ್ಲೂ ಮತ್ತೆ 2004ರಲ್ಲೂ, ಇಂತಹ ಚಿಕಿತ್ಸೆ ಪಡೆದವರಲ್ಲಿ ಹೊಸದಾಗಿ ಉಬ್ಬಸ ಬರುವುದು ಹೆಚ್ಚೆಂದು ವರದಿ ಮಾಡಿತು. ಬ್ರಿಟನ್ನಿನ ಮೂರು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ವಿರುದ್ಧವಾದುದನ್ನು ಹೇಳಿತು. ಹೀಗಿರುವಾಗ, ಹಾರ್ಮೋನು ಚಿಕಿತ್ಸೆಯನ್ನು ಬೇರೆ ಕಾರಣಕ್ಕೆ ಪಡೆಯುವವರು ಮೊದಲ ಕೆಲವು ತಿಂಗಳು ತಮ್ಮ ಉಸಿರಾಟದ ಕಡೆಗೆ ಗಮನವಿಟ್ಟು, ಬದಲಾವಣೆ ಕಂಡರೆ ವೈದ್ಯರಿಗೆ ತಿಳಿಸುವುದು ಸಾಕು.

ಹಾರ್ಮೋನೊಂದೇ ಕಾರಣವಲ್ಲ

ಹೆಂಗಸರ ಉಬ್ಬಸವನ್ನೆಲ್ಲ ಹಾರ್ಮೋನಿನ ಲೆಕ್ಕಕ್ಕೆ ಹಾಕಿದರೆ ಅಡುಗೆಮನೆಯ ಹೊಗೆ ಮರೆತುಹೋಗುತ್ತದೆ. ಸೌದೆ, ಬೆರಣಿ, ಕಲ್ಲಿದ್ದಲುಗಳ ಒಲೆಯ ಮುಂದೆ ದಿನಕ್ಕೆ ಹಲವು ಗಂಟೆ ಕಳೆಯುವವಳು ಹೆಂಗಸು. ಮೇಲೆ ಹೇಳಿದ ಭಾರತೀಯ ಸಮೀಕ್ಷೆಯ ಎರಡನೆಯ ಹಂತದಲ್ಲಿ, ಹೊಗೆಯುಗುಳುವ ಇಂಧನವೂ ಮನೆಯೊಳಗೆ ಬೇರೆಯವರು ಸೇದಿ ಬಿಡುವ ಬೀಡಿ ಸಿಗರೇಟಿನ ಹೊಗೆಯೂ ಉಬ್ಬಸಕ್ಕೆ ಸಂಬಂಧಿಸಿರುವುದು ಕಂಡುಬಂದಿತು. ಬಡ ಕುಟುಂಬಗಳ ಮಹಿಳೆಯರಿಗೆ ಅಡುಗೆ ಅನಿಲ ಸಂಪರ್ಕ ಒದಗಿಸಲು 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯ ಪ್ರಯೋಜನ ಪೂರ್ತಿ ದೊರೆಯುವುದು, ಸಿಲಿಂಡರು ಮುಗಿದಾಗ ಮತ್ತೆ ಸೌದೆಗೆ ಮರಳದಿದ್ದಾಗ ಮಾತ್ರ. ವರ್ಷಾನುಗಟ್ಟಲೆ ಒಲೆಯ ಹೊಗೆ ಕುಡಿದವರಿಗೆ ಉಬ್ಬಸವನ್ನೇ ಹೋಲುವ, ಆದರೆ ಚಿಕಿತ್ಸೆ ಬೇರೆಯಾದ ಶ್ವಾಸಕೋಶ ರೋಗವೂ ಬರುತ್ತದೆ. ಇವೆರಡನ್ನು ಬೇರ್ಪಡಿಸಲು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ನೆರವಾಗುತ್ತದೆ. ಅದರಲ್ಲಿ ನೋವೂ ಇಲ್ಲ, ಸೂಜಿಯೂ ಇಲ್ಲ.

ಮದುವೆಯ ವಯಸ್ಸಿನ ಹುಡುಗಿಯ ಇನ್‌ಹೇಲರನ್ನು ನೆಂಟರಿಷ್ಟರ ಕಣ್ಣಿಗೆ ಬೀಳದಂತೆ ಬಚ್ಚಿಡುವ ಮನೆಗಳು ಇಂದಿಗೂ ಇವೆ. ಅದರ ಬದಲು ನುಂಗಲು ಕೊಡುವ ಗುಳಿಗೆಯಲ್ಲಿ ಸ್ಟಿರಾಯ್ಡ್ ಇದ್ದರೆ, ಮುಚ್ಚಿಡುವುದರ ಬೆಲೆಯನ್ನು ಆ ಹುಡುಗಿಯ ಎಲುಬು, ತೂಕ ಮತ್ತು ಋತುಚಕ್ರಗಳು ತೆರಬೇಕಾಗುತ್ತದೆ.

ವೈದ್ಯರಿಗೆ ತಿಳಿಸಬೇಕಾದದ್ದು

ಮುಂಬಯಿ, ಪುಣೆ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹಿರಿಯ ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ಯುವವನು ಮಗನೋ ಅಳಿಯನೋ ಆಗಿರುತ್ತಾನೆ. ವೈದ್ಯರೊಡನೆ ಹಿಂದಿಯಲ್ಲೋ ಮರಾಠಿಯಲ್ಲೋ ಮಾತನಾಡುವವನೂ ಅವನೇ. ಅವನ ಮುಂದೆ ಮುಟ್ಟಿನ ಮಾತು ಬಾಯಿಗೆ ಬರುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಇದಕ್ಕೆ ಸುಲಭವಾದ ಉಪಾಯ ಬರೆದಿಡುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಒಂದು ಗುರುತು, ಉಬ್ಬಸ ಎದ್ದ ದಿನಕ್ಕೆ ಇನ್ನೊಂದು, ರಾತ್ರಿ ಎಚ್ಚರವಾದರೆ ಮತ್ತೊಂದು ಗುರುತು ಹಾಕಿ, ಅಂದು ನುಂಗಿದ ನೋವಿನ ಗುಳಿಗೆಯ ಹೆಸರನ್ನೂ ಬರೆಯಬೇಕು. ಮೂರು ತಿಂಗಳ ಹಾಳೆಗಳನ್ನು ವೈದ್ಯರ ಮುಂದಿಟ್ಟರೆ ಭಾಷೆಯ ಹಂಗಿಲ್ಲದೆ ವಿಷಯ ತಿಳಿಯುತ್ತದೆ. ಸಾಧ್ಯವಿದ್ದವರು ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಉಪಕರಣವನ್ನು ಬೆಳಿಗ್ಗೆ ಸಂಜೆ ಊದಿ ಬರುವ ಅಂಕಿಯನ್ನೂ ಬರೆದಿಡಬಹುದು. ಥೈರಾಯ್ಡ್ ತೊಂದರೆ, ಗರ್ಭನಿರೋಧಕ ಗುಳಿಗೆ, ಬಸಿರಾಗುವ ಯೋಚನೆ ಇವುಗಳಿದ್ದರೆ ಅದೇ ಹಾಳೆಯ ಮೇಲ್ಭಾಗದಲ್ಲಿ ನಮೂದಿಸಬೇಕು.

ಉಬ್ಬಸಕ್ಕೆ ಬೇಕಾದ ಮುಖ್ಯ ಔಷಧಗಳಾದ ಸಾಲ್ಬುಟಮಾಲ್, ಬ್ಯೂಡೆಸೊನೈಡ್ ಎರಡೂ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿವೆ. ಇನ್‌ಹೇಲರನ್ನು ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆಯಾಗದ ವೃದ್ಧರೂ ಮಕ್ಕಳೂ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿಕೊಳ್ಳಬಹುದು. ಒಂದು ವಾಕ್ಯವನ್ನು ಪೂರ್ತಿಯಾಗಿ ಹೇಳಲಾಗದಷ್ಟು ಏದುಸಿರು, ತುಟಿ ಉಗುರುಗಳು ನೀಲಿಯಾಗುವುದು, ಇನ್‌ಹೇಲರಿನಿಂದಲೂ ಸಮಾಧಾನವಾಗದಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಾಹನ ದೊರೆಯದಿದ್ದರೆ ದೂರವಾಣಿ ಸಂಖ್ಯೆ 112ಕ್ಕೆ ಕರೆ ಮಾಡಬಹುದು. ರೋಗಿಯು ಗರ್ಭಿಣಿಯಾಗಿದ್ದರೆ ಮೊದಲ ಮಾತಿನಲ್ಲೇ ಅದನ್ನು ತಿಳಿಸಬೇಕು.